ಮೂಲೆ ಮುರಿದ ಐನ್‌ಮನೆಯ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಕಂದಾಯ ಹಾಗೂ ಪರಂಪರೆ ಸಂರಕ್ಷಣೆಯ ಹೊಣೆ ಹೊತ್ತ ಮಾನ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಒಕ್ಕದ ಒಡೆತನದಲ್ಲಿರುವ ಕೊಡಗಿನ ಐನ್‌ಮನೆಗಳ ಅಳತೆ, ದಾಖಲೆ ಮತ್ತು ದುರಸ್ತಿಯ ಕುರಿತು.

ಮಾನ್ಯರೇ,

ಕೊಡಗಿನ ಒಂದು ಒಕ್ಕದಲ್ಲಿ ಹುಟ್ಟಿ, 32 ವರ್ಷ ಶಾಲಾ ಮೇಷ್ಟರಾಗಿ ದುಡಿದು ನಿವೃತ್ತನಾಗಿರುವ ನಾನು, ನಮ್ಮ ಐನ್‌ಮನೆಯ ಪರವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಒಕ್ಕದ ಹೆಸರನ್ನಾಗಲೀ ಊರಿನ ಹೆಸರನ್ನಾಗಲೀ ಇಲ್ಲಿ ಹೇಳುತ್ತಿಲ್ಲ. ಇದು ಹಲವರಿಗೆ ಸೇರಿದ ಮನೆ, ಎಲ್ಲರ ಒಪ್ಪಿಗೆ ಪಡೆದು ಬರೆಯಲು ಕುಳಿತಿದ್ದರೆ ಈ ಪತ್ರ ನನ್ನ ಕಾಲದಲ್ಲಿ ಮುಗಿಯುತ್ತಿರಲಿಲ್ಲ. ಆ ಮನೆಯ ಬಗ್ಗೆ ಸರ್ಕಾರಿ ಕಚೇರಿಯೊಂದರ ಕಡತದಲ್ಲಿ ಸದ್ಯಕ್ಕೆ ಇರುವುದು ಮೂರು ಪದಗಳು: "ಹಳೆಯ ಮನೆ, ವಾಸವಿಲ್ಲ." ಮೊದಲ ಎರಡು ಪದಗಳ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದು ಹೇಗೆ ತಪ್ಪು, ಆ ತಪ್ಪು ಒಬ್ಬ ಸಿಬ್ಬಂದಿಯದಲ್ಲದೆ ನಿಮ್ಮ ನಮೂನೆಯದೇ ಏಕೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಮನೆಯ ಕಥೆಯನ್ನೇ ಸ್ವಲ್ಪ ಹೇಳಬೇಕಾಗಿದೆ.

ಕೊಡಗಿನ ಹೊರಗಿನವರಿಗಾಗಿ ಒಂದು ಮಾತು. ಒಬ್ಬ ಮೂಲಪುರುಷನಿಂದ ಬಂದ, ಒಂದೇ ಮನೆತನದ ಹೆಸರು ಹೊತ್ತ ಎಲ್ಲರೂ ಸೇರಿ ಒಂದು ಒಕ್ಕ. ಆ ಒಕ್ಕದ ಮೂಲಮನೆಯೇ ಐನ್‌ಮನೆ. ಕೊಡವರಲ್ಲಿ ಮಾತ್ರವಲ್ಲ, ಅರೆಭಾಷೆ ಗೌಡರಲ್ಲಿಯೂ ಜಿಲ್ಲೆಯ ಇನ್ನೂ ಕೆಲವು ಸಮುದಾಯಗಳಲ್ಲಿಯೂ ಐನ್‌ಮನೆಗಳಿವೆ. ಮನೆಗೆ ಮನೆ ಹೋಲುವುದಿಲ್ಲ. ಕೆಲವು ಉದ್ದನೆಯ ಒಂದೇ ಸಾಲಿನವು, ಕೆಲವು ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ನಾಲ್ಕು ಕೈಸಾಲೆಯವು. ಆದರೆ ಬಹುತೇಕ ಎಲ್ಲವೂ ಗದ್ದೆಯ ಬಯಲನ್ನು ನೋಡುತ್ತಾ, ಸ್ವಲ್ಪ ಎತ್ತರದ ಜಾಗದಲ್ಲಿ, ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತವೆ. ಮತ್ತು ಹೆಚ್ಚಿನ ಐನ್‌ಮನೆಗಳು ದಾರಿಹೋಕರಿಗೆ ರಸ್ತೆಯಿಂದ ಸುಲಭವಾಗಿ ಕಾಣಿಸುವುದಿಲ್ಲ.

ಕಾಣಿಸದಿರುವುದಕ್ಕೆ ಕಾರಣ ಓಣಿ. ನಮ್ಮ ಮನೆಗೆ ಹೋಗುವ ಓಣಿಯ ಎರಡೂ ಬದಿಗೆ ಆಳೆತ್ತರದ ಮಣ್ಣಿನ ಬರೆ ಇದೆ. ಬರೆಯ ಬುಡಕ್ಕೆ ಕಾಡುಕಲ್ಲು ಜೋಡಿಸಿದ್ದಾರೆ, ಮೈತುಂಬ ಜರಿಗಿಡ ಬೆಳೆದಿದೆ. ಇಬ್ಬರು ಜೊತೆಯಾಗಿ ನಡೆದರೆ ಭುಜ ತಾಗುವಷ್ಟೇ ಅಗಲ. ಇದು ಮೂರು ಕಡೆ ತಿರುಗುತ್ತದೆ, ಮೂರನೆಯ ತಿರುವು ದಾಟುವ ತನಕ ಮನೆಯ ಹೆಂಚೂ ಕಾಣದು. ನಾಡಿನ ಉದ್ದಕ್ಕೂ ಯುದ್ಧದ ಕಡಂಗಗಳನ್ನು, ಅಂದರೆ ಕಂದಕಗಳನ್ನು, ತೋಡಿದ್ದ ಜನ, ಮನೆಯ ದಾರಿಯನ್ನೂ ಅದೇ ಬುದ್ಧಿಯಿಂದ ತೋಡಿದರು: ದಂಡು ಬಂದರೂ ಒಬ್ಬೊಬ್ಬನಾಗಿಯೇ ಬರಬೇಕು, ಬಂದವನಿಗೆ ಮನೆ ಕಾಣುವ ಮೊದಲು ಮನೆಯವರಿಗೆ ಅವನು ಕಾಣಬೇಕು. ದಂಡಿನ ಕಾಲ ಮುಗಿದ ಮೇಲೂ ಈ ತಿರುವುಗಳಿಗೆ ಕೆಲಸ ತಪ್ಪಲಿಲ್ಲ. ಗುಡ್ಡದ ಮೇಲಿಂದ ಮಳೆನೀರು ನೇರವಾಗಿ ಕಣಕ್ಕೆ ನುಗ್ಗದಂತೆ ಪ್ರತಿಯೊಂದು ತಿರುವಿನಲ್ಲೂ ಅದರ ವೇಗ ಮುರಿದು ಬದಿಯ ಚರಂಡಿಗೆ ಇಳಿಸುತ್ತಿದ್ದವು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಓಣಿ ಮುಗಿದಲ್ಲಿ ಕಣ, ಕಣದ ಆಚೆ ಮೆಟ್ಟಿಲು, ಮೆಟ್ಟಿಲ ಮೇಲೆ ಕೈಯಾಲೆ, ಅಂದರೆ ಮುಂಭಾಗದ ಜಗಲಿ. ಕೈಯಾಲೆಯ ಕಂಬಗಳ ನಡುವೆ ಐಮರ ಎಂದು ನಾವು ಕರೆಯುವ ದಪ್ಪ ಹಲಗೆಯ ಆಸನವಿದೆ. ನಮ್ಮ ಐಮರದ ಬಲತುದಿ ಅಂಗೈಯಗಲ ತಗ್ಗಾಗಿದೆ. ತಲೆತಲಾಂತರದಿಂದ ಒಕ್ಕದ ಹಿರಿಯ, ಅಂದರೆ ಕೊರವುಕಾರ, ಕೂರುವ ಜಾಗ ಅದು. ಮಕ್ಕಳಾಗಿದ್ದಾಗ ಅಲ್ಲಿ ಕುಳಿತರೆ ಬೈಗುಳ ಖಚಿತವಾಗಿತ್ತು. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ಹಜಾರ, ಅಲ್ಲಿ ಒಕ್ಕದ ದೀಪ, ನೈರುತ್ಯದಲ್ಲಿ ಗುರುಕಾರಣರಿಗೆ, ಅಂದರೆ ಒಕ್ಕದ ಪೂರ್ವಜರಿಗೆ, ಮೀಸಲಾದ ಕೋಣೆ ಕನ್ನಿಕೊಂಬರೆ. ನಡು ಅಂಗಳದ ಸುತ್ತ ಕೋಣೆಗಳು.

ಇಷ್ಟೇ ಆಗಿದ್ದರೆ ಇದು ಎಲ್ಲ ನಾಲ್ಕು ಕೈಸಾಲೆಯ ಮನೆಗಳಂತೆ ಇನ್ನೊಂದು ಮನೆ. ಆದರೆ ನಮ್ಮದು ಚೌಕವಲ್ಲ. ಹಿಂದಿನ ಗುಡ್ಡ ಹತ್ತಿ ನೋಡಿದರೆ ಕಿವಿ ಮುರಿದ ಹೆಂಚಿನ ಹಾಗೆ ಕಾಣುತ್ತದೆ. ಈಶಾನ್ಯದ ಮೂಲೆಯೇ ಇಲ್ಲ. ಉತ್ತರದ ಸಾಲು ಪೂರ್ವಕ್ಕೆ ಬರುತ್ತಾ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಅಲ್ಲಿಂದ ಗೋಡೆ ಒಳಕ್ಕೆ ಮಡಿಚಿಕೊಂಡು ಓರೆಯಾಗಿ ಕೈಯಾಲೆಗೆ ಸೇರುತ್ತದೆ. ಬಿಟ್ಟುಕೊಟ್ಟ ಆ ಮೂಲೆಯಲ್ಲಿ ಕಾರಣವನ, ಅಂದರೆ ಒಕ್ಕದ ಮೂಲಪುರುಷನ, ಕೈಮಡ, ಎದೆಯೆತ್ತರದ ಒಂದು ಚಿಕ್ಕ ಗುಡಿ. ಅಜ್ಜ ಹೇಳುತ್ತಿದ್ದುದು ಹೀಗೆ: ಮೊದಲು ಇದ್ದುದು ಒಂದೇ ಸಾಲಿನ ಹುಲ್ಲುಮನೆ, ಅದರ ಎದುರು ಕೈಮಡ. ಒಕ್ಕ ಬೆಳೆದು, ಮದುವೆಯಾದ ಒಬ್ಬೊಬ್ಬ ಅಣ್ಣತಮ್ಮನಿಗೂ ಒಂದು ಕೋಣೆ ಬೇಕಾದಾಗ ಸಾಲುಗಳು ಒಂದೊಂದಾಗಿ ಸುತ್ತಿಕೊಂಡವು. ಕೊನೆಯ ಸಾಲು ಕಟ್ಟುವಾಗ ಕೈಮಡ ಅಡ್ಡ ಬಂತು. ಗುಡಿಯನ್ನು ಸರಿಸೋಣವೆಂದು ಕೆಲವರು, ಕಾರಣವನನ್ನು ಎಬ್ಬಿಸಬಾರದೆಂದು ಕೆಲವರು ವಾದಿಸಿ, ಕೊನೆಗೆ ಮನೆಯೇ ಬಗ್ಗಿತು. ಮೂಲೆ ಕಡಿದ ಮನೆ ಏಳಿಗೆಗೆ ಒಳ್ಳೆಯದಲ್ಲವೆಂದು ವಾಸ್ತು ಬಲ್ಲವರು ಹೇಳುವುದುಂಟು, ಅದರಲ್ಲೂ ಈಶಾನ್ಯ. ಅಜ್ಜ ಅದಕ್ಕೆ ಕೊಡುತ್ತಿದ್ದ ಉತ್ತರ, "ಆ ಮೂಲೆಯಲ್ಲಿ ಮನೆಯ ಯಜಮಾನನೇ ಇದ್ದಾನೆ, ಮತ್ತೇನು ಬೇಕು?"

ಮನೆಗೆ ಹೆಂಚು ಬಂದದ್ದು ಬಹಳ ತಡವಾಗಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ಘಟ್ಟ ಹತ್ತಿ ಬಂದ ಹೆಂಚುಗಳು ಕೊಡಗಿನ ಹುಲ್ಲಿನ ಮಾಡುಗಳನ್ನು ಒಂದೊಂದಾಗಿ ಇಳಿಸಿದವು. ಚೌಕದ ಮನೆಗೆ ಹೆಂಚು ಹೊದಿಸುವುದು ಸುಲಭ. ನಮ್ಮ ಮುರಿದ ಮೂಲೆಯಲ್ಲಿ ಮೂರು ಇಳಿಜಾರುಗಳು ಒಂದೇ ಕಣಿವೆಯಲ್ಲಿ ಸೇರುತ್ತವೆ. ಅಲ್ಲಿ ಹೆಂಚನ್ನು ಕೈಯಿಂದ ಕತ್ತರಿಸಿ ಕೂರಿಸಬೇಕು, ಬಲ್ಲ ಕೆಲಸಗಾರ ಸಿಗದಿದ್ದ ವರ್ಷ ಅಲ್ಲಿ ಸೋರಿಕೆ ಖಂಡಿತ. ಸೋರಿದ ನೀರು ಕೆಳಗಿನ ಹಲಸಿನ ತೊಲೆಗೆ, ತೊಲೆಯಿಂದ ಗೋಡೆಗೆ. ಮನೆಯ ಆಕಾರದಲ್ಲಿ ಏನು ವಿಶೇಷವೋ ಅದೇ ಅದರ ದುರ್ಬಲ ಜಾಗ, ಅಲ್ಲಿಗೇ ಪ್ರತಿ ವರ್ಷ ಹಣ ಹೋಗುತ್ತದೆ.

ಮನೆ ಖಾಲಿಯಾದ ಕಥೆ ಹೊಸದಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಹಿಂದೆ ಒಕ್ಕದ ಆಸ್ತಿ ಪಾಲಾಗದೆ, ಒಕ್ಕದ ಪರವಾಗಿ ದಾಖಲೆಯಲ್ಲಿರುವ ಪಟ್ಟೆದಾರನ ಹೆಸರಿನಲ್ಲಿ ಉಳಿಯುತ್ತಿತ್ತು. ಮುಂದೆ ಪಾಲುಗಳಾದವು, ಪಾಲಿಗೆ ಬಂದ ಕಾಫಿ ತೋಟದಲ್ಲಿ ಅವರವರು ಮನೆ ಕಟ್ಟಿಕೊಂಡರು, ಮಕ್ಕಳು ಸೇನೆಗೆ, ಮೈಸೂರಿಗೆ, ಬೆಂಗಳೂರಿಗೆ, ಹೊರದೇಶಕ್ಕೆ ಹೋದರು. ಐನ್‌ಮನೆ ಮಾತ್ರ ಪಾಲಾಗಲಿಲ್ಲ. ಈಗ ಅಲ್ಲಿರುವವರು ನನ್ನ ಬಲ್ಯವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಮತ್ತು ಅವರ ನೆರವಿಗಿರುವ ಒಬ್ಬ ಹೆಂಗಸು. ಮುಸ್ಸಂಜೆ ದೀಪ ಹೊತ್ತಿಸುವ ಕೆಲಸ ಒಂದು ದಿನವೂ ನಿಂತಿಲ್ಲ. ಮಳೆಗಾಲದಲ್ಲಿ ಕೆಲವು ವಾರ ಬಲ್ಯವ್ವ ಮಗನ ಮನೆಗೆ ಹೋಗುವುದುಂಟು. ಆಗ ಹತ್ತಿರದ ತೋಟದ ಮನೆಯಿಂದ ಸರದಿಯ ಮೇಲೆ ಒಬ್ಬರು ಬಂದು ದೀಪವಿಟ್ಟು ಹೋಗುತ್ತಾರೆ.

ಹೀಗೆ ಬಲ್ಯವ್ವ ಇಲ್ಲದ ವಾರಗಳಲ್ಲೇ, 2018ರ ಆಗಸ್ಟ್ ತಿಂಗಳಿನಲ್ಲಿ, ಜಿಲ್ಲೆಯ ಹಲವೆಡೆ ಗುಡ್ಡಗಳು ಜರಿದ ಆ ಮಳೆಗೆ ನಮ್ಮ ಪಶ್ಚಿಮದ ಸಾಲಿನ ಮಾಡು ಕುಸಿಯಿತು. ಊರಿಗೆ ಊರೇ ಕೊಚ್ಚಿಹೋದ ಕಡೆಗಳನ್ನು ನೆನೆದರೆ ನಮ್ಮ ನಷ್ಟ ಏನೂ ಅಲ್ಲ, ಅದನ್ನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಮನೆಹಾನಿಯ ಪರಿಶೀಲನೆಗೆ ಬಂದ ಸಿಬ್ಬಂದಿ ಸಭ್ಯರಾಗಿಯೇ ನಡೆದುಕೊಂಡರು. ಟೇಪು ಹಿಡಿದು ಉದ್ದ ಅಳೆದರು, ಅಗಲ ಅಳೆದರು. ಮುರಿದ ಮೂಲೆಯ ಬಳಿ ಬಂದು ಸ್ವಲ್ಪ ಹೊತ್ತು ನಿಂತರು. ಟೇಪಿನ ತುದಿಯನ್ನು ಎಲ್ಲಿ ಹಿಡಿಯಬೇಕೆಂದು ನನ್ನನ್ನೇ ಕೇಳಿದರು. ನಮೂನೆಯಲ್ಲಿದ್ದುದು ಉದ್ದ, ಅಗಲ ಎಂಬ ಎರಡೇ ಕಲಮುಗಳು. ಕೊನೆಗೆ ಇಲ್ಲದ ಮೂಲೆಯನ್ನೂ ಸೇರಿಸಿ, ನಡು ಅಂಗಳವನ್ನು ಕೋಣೆಯೆಂದೇ ಲೆಕ್ಕ ಹಿಡಿದು ಒಂದು ಆಯತ ಬರೆದುಕೊಂಡರು. ಅವರ ನಕ್ಷೆಯಲ್ಲಿ ನಮ್ಮ ಕಾರಣವನ ಕೈಮಡ ಅಡುಗೆಮನೆಯ ಒಳಗೆ ಬಿದ್ದಿತ್ತು. ಆ ಹೊತ್ತಿಗೆ ನಗು ಬಂದದ್ದು ಸುಳ್ಳಲ್ಲ. ಮೂಲೆ ಸೇರಿಸಿದ ಆ ಲೆಕ್ಕದಲ್ಲಿ ಕುಸಿದ ಭಾಗದ ಪ್ರಮಾಣ ಕಡಿಮೆಯಾಗಿ, ಹಾನಿ "ಭಾಗಶಃ" ಎಂದಾಯಿತು. ಮನೆಯಲ್ಲಿ ಅಂದು ಒಲೆ ಉರಿಯುತ್ತಿರಲಿಲ್ಲವಾದ್ದರಿಂದ "ವಾಸವಿಲ್ಲ" ಎಂದೂ ಆಯಿತು. ವಾಸವಿಲ್ಲದ ಮನೆಗೆ ಪರಿಹಾರವಿಲ್ಲ.

ಆ ಬಳಿಕ ದುರಸ್ತಿಗೆ ನೆರವು ಕೋರಿ ಬೇರೊಂದು ಕಚೇರಿಗೆ ಅರ್ಜಿ ಹಾಕಿದೆವು. ಅದು ಹಿಂದಿರುಗಿದ್ದು ಇನ್ನೊಂದು ಕಾರಣಕ್ಕೆ: ಅರ್ಜಿದಾರರೇ ಮಾಲೀಕರೆಂಬುದಕ್ಕೆ ದಾಖಲೆ ಇಲ್ಲ. ಪಹಣಿಯಲ್ಲಿ ತೀರಿಕೊಂಡು ಎರಡು ತಲೆಮಾರು ಕಳೆದ ಪಟ್ಟೆದಾರರೊಬ್ಬರ ಹೆಸರು, ಪಕ್ಕದಲ್ಲಿ ಉಳಿದವರ ಹೆಸರುಗಳು ಇವೆ. ಎಲ್ಲ ಹಕ್ಕುದಾರರ ಒಪ್ಪಿಗೆ ಪತ್ರ ತನ್ನಿ ಎಂದರು. ನಾವು ಲೆಕ್ಕ ಹಾಕಿ ನೋಡಿದೆವು: ಹಕ್ಕುಳ್ಳವರು 67 ಮಂದಿ, ಅವರಲ್ಲಿ 11 ಮಂದಿ ಹೊರದೇಶದಲ್ಲಿ, ಇಬ್ಬರ ವಿಳಾಸ ಗೊತ್ತಿಲ್ಲ, ಇಬ್ಬರು ಪರಸ್ಪರ ಮಾತು ಬಿಟ್ಟು ಬಹಳ ಕಾಲವಾಗಿದೆ. 61 ಸಹಿ ಸಂಗ್ರಹಿಸಿದೆವು, ಅದು ಸಾಲದೆಂದರು. ತಾಳ್ಮೆ ಕಳೆದುಕೊಳ್ಳದೆ ಒಂದು ಪ್ರಶ್ನೆ ಕೇಳುತ್ತೇನೆ: ಯಾವ ಮನೆಯ ಅರ್ಥವೇ "ಒಬ್ಬನದಲ್ಲ" ಎಂಬುದೋ, ಅದಕ್ಕೆ ಒಬ್ಬ ಮಾಲೀಕನನ್ನು ತೋರಿಸಿ ಎಂದರೆ ನಾವು ಯಾರನ್ನು ತೋರಿಸಬೇಕು? ಕೈಮಡದಲ್ಲಿರುವವನನ್ನೇ?

ಮೂರನೆಯ ಪೆಟ್ಟು ಓಣಿಗೆ ಬಿತ್ತು. ಊರಿನ ರಸ್ತೆ ಅಭಿವೃದ್ಧಿಗೆಂದು ಬಂದ ಗುತ್ತಿಗೆದಾರರ ಜೆಸಿಬಿ, ಜಲ್ಲಿ ತುಂಬಿದ ಲಾರಿ ತಿರುಗಲು ಜಾಗ ಸಾಲದೆಂದು, ಮೊದಲ ತಿರುವಿನ ಬರೆಯನ್ನು ಒಂದೇ ಮಧ್ಯಾಹ್ನದಲ್ಲಿ ಕೆರೆದು ಹಾಕಿತು. ಕೇಳಿದ್ದಕ್ಕೆ, ದಾಖಲೆಯಲ್ಲಿ ಅದು ಬರೀ ಕಾಲುದಾರಿ ಎಂದರು. ಕಾಲುದಾರಿಗೆ ಗೋಡೆ ಇರುವುದಿಲ್ಲವಂತೆ. ಆ ವರ್ಷದ ಮಳೆಯಲ್ಲಿ ನೀರು ತಿರುವಿಲ್ಲದೆ ನೇರ ಇಳಿದು ಕಣದ ಮಣ್ಣನ್ನು ಹೊತ್ತುಕೊಂಡು ಹೋಯಿತು, ಕೈಯಾಲೆಯ ಮೆಟ್ಟಿಲ ಬುಡದ ಎರಡು ಕಲ್ಲು ಅಲುಗಾಡಲಾರಂಭಿಸಿದವು. ಓಣಿಯನ್ನು ಮನೆಯ ಭಾಗವೆಂದು ಯಾವ ಕಾಗದವೂ ಹೇಳದಿರುವುದರಿಂದ ಇದಕ್ಕೆ ಯಾರೂ ಹೊಣೆಯಲ್ಲ.

ಸರ್ಕಾರಕ್ಕೆ ಹಳೆಯ ಮನೆ ಉಳಿಸಲು ಬರುವುದಿಲ್ಲವೆಂದು ನಾನು ಹೇಳಲಾರೆ. ಮಡಿಕೇರಿಯ "ಸನ್ನಿ ಸೈಡ್" ಒಂದು ಕಾಲದಲ್ಲಿ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಜನರಲ್ ತಿಮ್ಮಯ್ಯನವರು ಬೆಳೆದ ಆ ಮನೆ ದುರಸ್ತಿಯಾಗಿ, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳೇ ಬಂದು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಕುಪ್ಪಳಿಯ ಕವಿಮನೆಯನ್ನು ಕಂಡು ಬಂದ ಯಾರಿಗಾದರೂ ಮಲೆನಾಡಿನ ತೊಟ್ಟಿಮನೆ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಎಲ್ಲ ಮನೆಗಳಲ್ಲೂ ಸೇನಾ ದಂಡನಾಯಕನೋ ರಾಷ್ಟ್ರಕವಿಯೋ ಬೆಳೆಯುವುದಿಲ್ಲ. ನಮ್ಮಲ್ಲಿ ಬೆಳೆದವರು ಗದ್ದೆ ಉತ್ತವರು, ಸುಬೇದಾರರು, ಮೇಷ್ಟರುಗಳು. ಇನ್ನೊಂದು ದಾರಿಯೂ ಇದೆ: ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಳಿದುಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಜೋಡಿಸಿ ಮತ್ತೆ ನಿಲ್ಲಿಸಿದರು. ಅಲ್ಲಿ ನಡೆದಾಡುವಾಗ ನನ್ನ ಕೈ ತಾನಾಗಿ ಮುಗಿಯಿತು. ಆದರೂ ಓಣಿಯನ್ನು ಬಿಚ್ಚಿ ಲಾರಿಯಲ್ಲಿ ಹಾಕಲಾಗದು. ಕಾರಣವನಿಗಾಗಿ ಬಗ್ಗಿದ ಮೂಲೆ ಬೇರೆಡೆ ನಿಂತರೆ ಅದು ಬಡಗಿಯ ತಪ್ಪಿನಂತೆ ಕಂಡೀತು.

ತಪ್ಪೆಲ್ಲ ಸರ್ಕಾರದ್ದೇ ಎಂದು ಬರೆದರೆ ನನ್ನ ಒಕ್ಕದವರೇ ನಕ್ಕಾರು. 1997ರಲ್ಲಿ ಕರಡದಲ್ಲಿ 60 ಒಕ್ಕಗಳಿಂದ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ 2024ರಲ್ಲಿ 360 ತಂಡಗಳು ಬಂದವು. ಅದು ನಮಗೆಲ್ಲ ಹೆಮ್ಮೆ, ನಾನೂ ನನ್ನ ಒಕ್ಕಕ್ಕಾಗಿ ಗಂಟಲು ಹರಿಯುವಂತೆ ಕೂಗಿದ್ದೇನೆ. ಅಂಗಿಯ ಬೆನ್ನ ಮೇಲೆ ಒಕ್ಕದ ಹೆಸರು ಬರೆಸಿಕೊಳ್ಳುವವರಲ್ಲಿ ಎಷ್ಟು ಮಂದಿ ಆ ಹೆಸರಿನ ಮನೆಯ ಸೋರುವ ಮೂಲೆಯನ್ನು ನೋಡಿದ್ದಾರೆ ಎಂಬ ಲೆಕ್ಕ ಬೇರೆ. ಕೈಯಾಲೆಯ ಕಂಬಗಳಿಗೆ ಬೆಲೆ ಹೇಳಿ ಹೋದ ವ್ಯಾಪಾರಿಗೆ "ಯೋಚಿಸಿ ಹೇಳುತ್ತೇವೆ" ಎಂದವರೂ ನಮ್ಮಲ್ಲಿದ್ದರು. ಆ ಕಂಬಗಳು ಇಂದು ಯಾವುದೋ ರೆಸಾರ್ಟಿನ ಸ್ವಾಗತ ಕೊಠಡಿಯಲ್ಲಿ ನಿಂತಿಲ್ಲವೆಂದರೆ ಅದಕ್ಕೆ ಬಲ್ಯವ್ವನ ಬಾಯಿಯೇ ಕಾರಣ. ಆದರೆ ಆಗಿನಿಂದ ಒಕ್ಕದ ನಿಧಿಗೆ ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ಹಣ ಕೊಡುತ್ತಿದ್ದಾರೆ, ಲೆಕ್ಕಪುಸ್ತಕ ನನ್ನ ಬಳಿಯೇ ಇದೆ. ನಮ್ಮ ಪಾಲನ್ನು ಹಾಕಿದ ಮೇಲೆಯೇ ನಿಮ್ಮೆದುರು ಬರುತ್ತಿದ್ದೇವೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಇವು. ಮೊದಲನೆಯದಾಗಿ, ಐನ್‌ಮನೆಯ ದುರಸ್ತಿ ಅಥವಾ ಮಳೆಹಾನಿಯ ಅರ್ಜಿಯನ್ನು ಒಕ್ಕದ ಸಭೆಯ ನಡಾವಳಿಯೊಂದಿಗೆ ಕೊರವುಕಾರರು ಸಲ್ಲಿಸಿದರೆ ಸ್ವೀಕರಿಸುವಂತೆ ಸ್ಪಷ್ಟ ಆದೇಶವಾಗಬೇಕು. ಇದು ಹಕ್ಕುಪತ್ರವೆಂದು ಯಾರೂ ಹೇಳುತ್ತಿಲ್ಲ. ಮಾಡಿಗೆ ಹೆಂಚು ಹೊದಿಸಲು ಆಸ್ತಿಯ ವ್ಯಾಜ್ಯ ತೀರುವವರೆಗೆ ಕಾಯುವಂತಾಗಬಾರದು ಎಂಬುದಷ್ಟೇ ನಮ್ಮ ಕೋರಿಕೆ. ವಾಸವಿದೆಯೇ ಎಂಬ ಕಲಮಿನ ಪಕ್ಕದಲ್ಲಿ, ಒಕ್ಕದ ಆಚರಣೆಗಳು ನಡೆಯುವ ಮನೆಯೇ ಎಂಬ ಇನ್ನೊಂದು ಕಲಮು ಬರಲಿ. ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ನಮ್ಮ ನೆಲ್ಲಕ್ಕಿ ನಡುಬಾಡೆಯಲ್ಲಿ ಎಲೆಗಳ ನೆರೆ ಕಟ್ಟಿ, ಗದ್ದೆಗೆ ಹೋಗಿ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಎನ್ನುತ್ತಾ ಓಣಿಯಲ್ಲಿ ಹಿಂದಿರುಗುವವರನ್ನು ಎಣಿಸಿದರೆ "ವಾಸವಿಲ್ಲ" ಎಂದು ಬರೆಯಲು ಪೆನ್ನು ಏಳಲಾರದು.

ಅಳತೆಯ ವಿಷಯದಲ್ಲಿ ನಾನು ಕೇಳುವುದು ಹೆಚ್ಚು. ಐನ್‌ಮನೆ ಎಂದರೆ ಗೋಡೆಗಳೊಳಗಿನ ಚದರಡಿಯಲ್ಲ. ಓಣಿ, ಕಣ, ಕೈಮಡ, ಮೂಲಮನೆ, ಒಕ್ಕದವರನ್ನು ಮಣ್ಣು ಮಾಡುವ ತೂಟಂಗಳ, ಇವಿಷ್ಟೂ ಒಂದೇ ನಕ್ಷೆಯಲ್ಲಿ, ಇರುವ ಆಕಾರದಲ್ಲೇ ದಾಖಲಾಗಬೇಕು. ಓರೆಯಿದ್ದರೆ ಓರೆಯಾಗಿ, ಮೂಲೆ ಇಲ್ಲದಿದ್ದರೆ ಮೂಲೆ ಇಲ್ಲದೆಯೇ. ಹೀಗೆ ದಾಖಲಾದ ಓಣಿಯನ್ನು ಕಾಮಗಾರಿಗಾಗಿ ಅಗಲಿಸುವ ಮೊದಲು ಒಕ್ಕದವರಿಗೆ ನೋಟಿಸು ಕೊಟ್ಟು ಜಂಟಿಯಾಗಿ ಸ್ಥಳ ಪರಿಶೀಲನೆ ನಡೆಯಲಿ. ದುರಸ್ತಿಗೆ ಬೇಕಾದ ಮರದ ವಿಷಯವೂ ಇದೆ. ಅನ್‌ರಿಡೀಮ್ಡ್ (ಅಂದರೆ ಮರದ ಮೌಲ್ಯ ಸರ್ಕಾರಕ್ಕೆ ಇನ್ನೂ ಸಂದಾಯವಾಗದ) ಎಂದು ದಾಖಲಾದ ಜಮೀನಿನಲ್ಲಿ ನಾವೇ ನೆರಳು ಕಾದು ಬೆಳೆಸಿದ ಬೀಟೆಯನ್ನು ನಮ್ಮದೇ ಮನೆಯ ಕಂಬಕ್ಕೆ ಬಳಸಬೇಕಾದರೂ ಸರ್ಕಾರಕ್ಕೆ ಮರದ ಮೌಲ್ಯ ಕಟ್ಟಬೇಕಾಗುತ್ತದೆ. ಐನ್‌ಮನೆಯ ದುರಸ್ತಿಗೆ ಬೇಕಾದಷ್ಟು ಮರಕ್ಕೆ, ಬೇಕಾದಷ್ಟಕ್ಕೆ ಮಾತ್ರ, ವಿನಾಯಿತಿ ಕೊಡಿ. ಕೊಳೆತ ತೊಲೆಯನ್ನು ಅರಣ್ಯ ಇಲಾಖೆಯವರೇ ಬಂದು ನೋಡಿ, ಅಳೆದು ಅನುಮತಿಸಲಿ.

ನಾವು ಕೇಳದಿರುವುದನ್ನೂ ಹೇಳಿಬಿಡುತ್ತೇನೆ. 1961ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ನಮ್ಮ ಮನೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿ, ಬಾಗಿಲಿಗೆ ನೀಲಿ ಫಲಕ ಹೊಡೆದು, ಒಂದು ಹೆಂಚು ಬದಲಿಸಲು ಮೈಸೂರಿನ ಕಚೇರಿಗೆ ಪತ್ರ ಬರೆಯುವ ಸ್ಥಿತಿ ನಮಗೆ ಬೇಡ. ಕಾರಣವನಿಗೆ ವರ್ಷಕ್ಕೊಮ್ಮೆ ಕಳ್ಳು, ಮಾಂಸದ ಎಡೆ ಇಡುವ ಮನೆ ಅದು, ಟಿಕೆಟು ಕೊಟ್ಟು ನೋಡುವ ಜಾಗವಲ್ಲ. ಮನೆಯನ್ನು ಹೋಂಸ್ಟೇ ಮಾಡಿದರೆ ನೆರವು ಸಿಗಬಹುದೆಂದು ಹಿತೈಷಿಗಳೊಬ್ಬರು ಸೂಚಿಸಿದರು. ಕನ್ನಿಕೊಂಬರೆಗೆ ಅಟ್ಯಾಚ್ಡ್ ಬಾತ್‌ರೂಮ್ ಇಡಲು ನಮ್ಮಲ್ಲಿ ಯಾರಿಗೂ ಮನಸ್ಸಿಲ್ಲ.

ಸದ್ಯಕ್ಕೆ ಪಶ್ಚಿಮದ ಸಾಲಿನ ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದೇವೆ. ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಹೊಸದು ತಂದು ಹಗ್ಗ ಬಿಗಿಯುತ್ತೇವೆ, ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುವಷ್ಟರಲ್ಲಿ ಗಾಳಿಗೆ ಅದು ಚಿಂದಿಯಾಗುತ್ತದೆ. ಈ ಬಾರಿ ಮುರಿದ ಮೂಲೆಯ ತೊಲೆಗೂ ಒಂದು ಅಡಿಕೆ ಮರದ ಊರೆ ಕೊಟ್ಟಿದ್ದೇವೆ, ಅದು ಎಷ್ಟು ಮಳೆ ತಡೆದೀತೆಂದು ಕೆಲಸಗಾರ ಹೇಳಲಿಲ್ಲ. ತಾವಾಗಲೀ ತಮ್ಮ ಅಧಿಕಾರಿಗಳಾಗಲೀ ಮಳೆಗೆ ಮೊದಲು ಒಮ್ಮೆ ಬಂದು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಕಾರನ್ನು ರಸ್ತೆಯ ಬದಿಯಲ್ಲೇ ನಿಲ್ಲಿಸಬೇಕಾಗುತ್ತದೆ, ಎರಡನೆಯ ಮತ್ತು ಮೂರನೆಯ ತಿರುವು ಇನ್ನೂ ಹಾಗೆಯೇ ಇವೆ.

ತಮ್ಮ ವಿಶ್ವಾಸಿ,
ಒಕ್ಕದ ಒಬ್ಬ ಸದಸ್ಯ, ನಿವೃತ್ತ ಶಿಕ್ಷಕ,
ಕೊಡಗು ಜಿಲ್ಲೆ